ಬಂಡೆಯ ಆಚೆಯ ಮೀನು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಬಂಡೆಗಳ ನಡುವೆ ಹರಿಯುತ್ತಾಳೆ. ರಾಮೇಶ್ವರ ದೇವಸ್ಥಾನದ ಹತ್ತಿರ ಒಂದು ಮಡುವಿದೆ. ಅದನ್ನು ವಹ್ನಿ ಪುಷ್ಕರಣಿ ಎನ್ನುತ್ತಾರೆ. ಮೆಟ್ಟಿಲಿಳಿದು ಒಂದು ಹಿಡಿ ಪುರಿ ಎರಚಿದರೆ ನೀರು ಕುದಿಯುವಂತೆ ಕಾಣುತ್ತದೆ. ದೊಡ್ಡ ದೊಡ್ಡ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಇದು ಮತ್ಸ್ಯಧಾಮ. ಇಲ್ಲಿ ಮೀನು ಹಿಡಿಯುವ ಹಾಗಿಲ್ಲ. ಊರಿನವರಿಗೆ ಇವು ದೇವರ ಮೀನು.

ಕಳೆದ ಬಾರಿ ನಾನು ಹೋದಾಗ ಅಲ್ಲೊಂದು ಕುಟುಂಬ ಪುರಿ ಹಾಕುತ್ತಿತ್ತು. ಆರೇಳು ವರ್ಷದ ಹುಡುಗನೊಬ್ಬ ಮೀನು ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡುತ್ತಾ ನಿಂತಿದ್ದ. ಕೊನೆಗೆ ಕೆಳಗಡೆಯ ಬಂಡೆಗಳತ್ತ ಕೈ ತೋರಿಸಿ ಕೇಳಿದ: "ಅಮ್ಮಾ, ಅದು ಆ ಬಂಡೆ ದಾಟಿ ಹೋದ್ರೆ ಹಿಡೀಬೋದಾ?" ಅವನಮ್ಮ, "ಸುಮ್ನಿರು, ದೇವರ ಮೀನು ಕಣೋ" ಎಂದರು. ಅವನು ಬಿಡಲಿಲ್ಲ. "ಅಲ್ಲಿಗೆ ಹೋದ್ರೂ ದೇವರದ್ದೇನಾ?" ಸುತ್ತಲಿದ್ದವರು ನಕ್ಕರು. ಅಮ್ಮನೂ ನಕ್ಕು ಅವನ ಕೈಗೆ ಪುರಿ ಪೊಟ್ಟಣ ಕೊಟ್ಟರು.

ನಾನೂ ನಕ್ಕೆ. ಆದರೆ ಹಾಸನಕ್ಕೆ ವಾಪಸು ಬರುವ ಬಸ್ಸಿನಲ್ಲಿ ಆ ಪ್ರಶ್ನೆ ಬಿಡಲಿಲ್ಲ. ರಕ್ಷಿತ ಪ್ರದೇಶಗಳನ್ನು ನೋಡಿಕೊಳ್ಳುವವರ ನೈತಿಕ ಹೊಣೆ ಏನು ಎಂಬುದರ ಸುತ್ತಲೇ ಮೂರು ವರ್ಷದಿಂದ ಓದುತ್ತಿದ್ದೇನೆ. ಆ ಓದಿನಲ್ಲಿ ಇಷ್ಟು ನೇರವಾದ ಪ್ರಶ್ನೆ ನನಗೆ ಸಿಕ್ಕಿರಲಿಲ್ಲ. ಗೆರೆಯ ಈಚೆ ಪೂಜ್ಯವಾದದ್ದು ಆಚೆ ಸಾರಾಗುವುದಾದರೆ ನಾವು ಕಾಯುತ್ತಿರುವುದು ಮೀನನ್ನೋ ಗೆರೆಯನ್ನೋ?

ಮೀನಿಗಂತೂ ಗೆರೆ ಗೊತ್ತಿಲ್ಲ. ಮಹಸೀರ್ ಜಾತಿಯ ಮೀನುಗಳು ಮಳೆಗಾಲದಲ್ಲಿ ಮೊಟ್ಟೆಯಿಡಲು ಪ್ರವಾಹದ ಎದುರು ಈಜುತ್ತವೆ. ರಾಮನಾಥಪುರಕ್ಕೆ ನೀರು ಬರುವುದು ಕೊಡಗಿನಿಂದ. ಹಾರಂಗಿ ಅಣೆಕಟ್ಟೆಯಲ್ಲಿ ಎಷ್ಟು ಬಿಡುತ್ತಾರೆ, ಎಷ್ಟು ಹಿಡಿಯುತ್ತಾರೆ ಎಂಬುದು ಈ ಮಡುವಿನ ಮಟ್ಟವನ್ನು ಬದಲಿಸುತ್ತದೆ. ಕೆಳಗೆ ನದಿ ಚುಂಚನಕಟ್ಟೆ ದಾಟಿ ಕನ್ನಂಬಾಡಿಗೆ ಹೋಗುತ್ತದೆ. ಮತ್ಸ್ಯಧಾಮವನ್ನು ನೋಡಿಕೊಳ್ಳುವವರ ಕೈಯಲ್ಲಿ ಮೇಲಿನ ನೀರೂ ಇಲ್ಲ, ಕೆಳಗಿನ ಬಲೆಯೂ ಇಲ್ಲ. ಇರುವುದು ನಡುವಿನ ಒಂದು ತುಂಡು ನದಿ.

ನಮ್ಮ ಕಡೆ ಇಂಥ ತುಂಡುಗಳಿಗೆ ಒಂದು ಹಳೆಯ ಹೆಸರಿದೆ: ಕಾವಲು. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯವರಿಗೆ ವಿವರಿಸಬೇಕಿಲ್ಲ. ಊರ ಹೆಸರಿನ ಕೊನೆಗೇ ಕಾವಲು ಎಂದು ಇರುತ್ತದೆ. ನಮ್ಮ ಸೋದರಮಾವನ ಮನೆಗೆ ಹೋದಾಗ "ಕಾವಲಿಗೆ ದನ ಹೊಡ್ಕೊಂಡು ಹೋಗಿದಾನೆ" ಎನ್ನುವ ಮಾತು ಚಿಕ್ಕಂದಿನಿಂದ ಕೇಳಿದ್ದೇನೆ. ಕಾಯುವ ಕೆಲಸಕ್ಕೂ ಕಾಯ್ದ ನೆಲಕ್ಕೂ ಒಂದೇ ಪದ. ಕಾಯುವವನು ಹೋದರೆ ಆ ನೆಲಕ್ಕೆ ಆ ಹೆಸರು ಸಲ್ಲುವುದಿಲ್ಲ ಎಂಬ ತಿಳಿವಳಿಕೆ ಅದರಲ್ಲಿ ಇದ್ದಂತಿದೆ.

ಈ ಕಾವಲುಗಳ ಕಥೆ ನಮ್ಮ ಪ್ರಶ್ನೆಗೆ ಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಹೈದರಾಲಿ ಅದನ್ನು ಸೈನ್ಯದ ತೋಪು, ಸಾಮಾನು ಎಳೆಯುವ ಎತ್ತುಗಳಿಗಾಗಿ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಹುಲ್ಲುಗಾವಲುಗಳನ್ನು ಹಂಚಿ, ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದು, ಹುಲ್ಲಿಗೆ ಬಿಡುವು ಕೊಡುತ್ತಿದ್ದರು. ಇವತ್ತು ರಕ್ಷಿತ ಪ್ರದೇಶದ ನಿರ್ವಹಣೆ ಎಂದು ನಾವು ಕರೆಯುವುದರ ಬಹುಪಾಲು ಅಲ್ಲಿತ್ತು. ಉದ್ದೇಶ ಮಾತ್ರ ಬೇರೆ. ಯಾರೂ ಅಲ್ಲಿ ಹುಲ್ಲನ್ನು ಹುಲ್ಲಿಗಾಗಿ ಕಾಯಲಿಲ್ಲ. ಕಾದದ್ದು ಯುದ್ಧಕ್ಕಾಗಿ.

ಆದರೂ ಆ ಹುಲ್ಲಿನಲ್ಲಿ ಕೃಷ್ಣಮೃಗ ಉಳಿಯಿತು, ತೋಳ ಉಳಿಯಿತು, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು ಉಳಿದವು. ಕಡೂರಿನ ಹತ್ತಿರದ ಬಾಸೂರು ಅಮೃತ್ ಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ರಾಜನ ಎತ್ತಿಗಾಗಿ ಕಾದದ್ದು ಮುನ್ನೂರು ವರ್ಷಗಳ ಮೇಲೆ ಜಿಂಕೆಯ ಪಾಲಾಯಿತು. ಕೆಟ್ಟ ಕಾರಣಕ್ಕೆ ಕಾದರೂ ಒಳ್ಳೆಯದು ಆಗಬಹುದು ಎಂಬುದು ಇದರ ಒಂದು ಪಾಠ.

ಒಳ್ಳೆಯ ಕಾರಣಕ್ಕೆ ಕೈ ಹಾಕಿ ಕೆಟ್ಟದ್ದಾದದ್ದೂ ಇದೆ. ಅದಕ್ಕೆ ಮತ್ತೆ ಕಾವೇರಿಗೇ ಬರಬೇಕು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಸೀರ್ ಒಂದು ಕಾಲಕ್ಕೆ ಪ್ರಪಂಚದ ಗಾಳ ಹಾಕುವವರಿಗೆಲ್ಲ ಗೊತ್ತಿದ್ದ ಮೀನು. ಮಹಸೀರ್‌ಗಳು ಕಡಿಮೆಯಾಗುತ್ತಿವೆ ಎಂದು ಕಂಡಾಗ ಒಳ್ಳೆಯ ಮನಸ್ಸಿನಿಂದ ಒಂದು ಪರಿಹಾರ ಮಾಡಿದರು. ಮಹಾರಾಷ್ಟ್ರದ ಲೋನಾವಳದಲ್ಲಿ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಮಾಡಿಸಿ ದೇಶದ ಹಲವು ನದಿಗಳಿಗೆ ಬಿಟ್ಟರು. ಕಾವೇರಿಗೂ ಬಿಟ್ಟರು. ಮೀನು ಹೆಚ್ಚಾಯಿತು, ಎಲ್ಲರೂ ಸಂತೋಷಪಟ್ಟರು. ಆಮೇಲೆ ಸಂಶೋಧಕರು ಗಾಳ ಹಾಕುವವರ ಹಳೆಯ ದಾಖಲೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ ಹೆಚ್ಚಾದದ್ದು ತಂದು ಬಿಟ್ಟ ಮೀನು ಎಂದು ಗೊತ್ತಾಯಿತು. ಕಾವೇರಿಯ ಸ್ವಂತದ ಗೂನುಬೆನ್ನಿನ ಮೀನು ಕುಸಿದುಹೋಗಿತ್ತು. ತಂದು ಬಿಟ್ಟ ಮೀನು ಅದರ ಜಾಗ ಹಿಡಿಯಿತು ಎಂಬುದೂ ಕಾರಣಗಳಲ್ಲಿ ಒಂದು ಎಂದು ಅವರ ಅಭಿಪ್ರಾಯ. ಈ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಮರಿ ಬಿಟ್ಟವರು ಕೆಟ್ಟವರಲ್ಲ. ಅವರಿಗೆ ಮೀನಿನ ಮೇಲೆ ಪ್ರೀತಿಯಿತ್ತು, ಆ ಕಾಲದ ತಿಳಿವಳಿಕೆಯೂ ಇತ್ತು. ಹಾಗಾದರೆ ಅವರು ನೈತಿಕವಾಗಿ ತಪ್ಪಿದ್ದು ಎಲ್ಲಿ? ತಪ್ಪೇ ಇಲ್ಲ, ಗೊತ್ತಿರಲಿಲ್ಲ ಅಷ್ಟೇ ಎನ್ನಬಹುದು. ನನಗೆ ಅದು ಪೂರ್ತಿ ಉತ್ತರ ಅನ್ನಿಸುವುದಿಲ್ಲ. ಕನ್ನಡದಲ್ಲಿ 'ಕಾಯು' ಎಂದರೆ ರಕ್ಷಿಸು ಎಂದೂ ಹೌದು, ಎದುರುನೋಡುತ್ತಾ ತಡೆದಿರು ಎಂದೂ ಹೌದು. ಹೊಲ ಕಾಯುವುದಕ್ಕೂ ಬಸ್ಸಿಗೆ ಕಾಯುವುದಕ್ಕೂ ಒಂದೇ ಕ್ರಿಯಾಪದ. ನೋಡಿಕೊಳ್ಳುವ ಹೊಣೆ ಹೊತ್ತವನಿಗೆ ಏನಾದರೂ ಮಾಡಿಬಿಡಬೇಕು ಎಂಬ ಒತ್ತಡ ಇರುತ್ತದೆ. ವರ್ಷದ ಕೊನೆಗೆ ವರದಿ ಕೊಡಬೇಕು. ಸುಮ್ಮನೆ ನೋಡುತ್ತಿದ್ದೆ ಎಂದು ವರದಿಯಲ್ಲಿ ಬರೆಯಲಾಗುವುದಿಲ್ಲ. ನಿರ್ವಹಣೆಗೆ ಗೊತ್ತಿಲ್ಲದ ಆ ಎರಡನೆಯ ಅರ್ಥ ಕಾವಲಿಗೆ ಗೊತ್ತಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಚೆನ್ನಾಗಿ ಕಾಣುತ್ತಿತ್ತು. ಪ್ರಕೃತಿಯ ಮೇಲೆ ಕೈ ಹಾಕಬೇಡಿ, ತಾಳ್ಮೆಯಿಂದ ಕಾಯಿರಿ ಎಂದು ಮುಗಿಸಬಹುದಿತ್ತು. ಆದರೆ ನಮ್ಮಜ್ಜಿ ಇದನ್ನು ಒಪ್ಪುವುದಿಲ್ಲ.

ನಮ್ಮಜ್ಜಿಯ ಊರು ಹೇಮಾವತಿಯ ಹಿನ್ನೀರಿನಲ್ಲಿದೆ. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಅದರ ನೀರಿನಿಂದ ಕೆಳಗಿನ ಹೊಳೆನರಸೀಪುರದ ಗದ್ದೆ ಹಸಿರಾಯಿತು, ನಾಲೆ ಹೋದಲ್ಲೆಲ್ಲ ಬೆಳೆ ಬಂತು. ಮೇಲಿನವರ ಊರು ಮುಳುಗಿತು. ಶೆಟ್ಟಿಹಳ್ಳಿಯ ಇಗರ್ಜಿಯ ಫೋಟೋವನ್ನು ನೀವೆಲ್ಲ ನೋಡಿರುತ್ತೀರಿ. ಫೋಟೋಗೆ ಸಿಗದ ಮನೆಗಳೂ ಅಲ್ಲಿ ಬಹಳ ಇದ್ದವು. ಮುಳುಗಡೆಯಾದವರಲ್ಲಿ ಹಲವರಿಗೆ ಕಾಡಿನ ಅಂಚಿನಲ್ಲಿ ಜಮೀನು ಸಿಕ್ಕಿತು. ನಮ್ಮಜ್ಜನಿಗೂ ಹಾಗೆಯೇ ಸಿಕ್ಕಿತು. ಅವರು ಮರ ಕಡಿದು ರಾಗಿ ಬಿತ್ತಿದರು. ಈಗ ಮುಸುಕಿನ ಜೋಳ, ಶುಂಠಿ. ಅಲ್ಲಿಗೆ ಆನೆ ಬರುತ್ತದೆ.

ಆನೆಗೂ ಒಂದು ಮುಳುಗಡೆ ಇದೆ. ನೀರಿನಡಿಗೆ ಹೋದದ್ದು ಬರೀ ಊರುಗಳಲ್ಲ, ಹೇಮಾವತಿಯ ದಡದ ಕಾಡೂ ಹೋಯಿತು. ಉಳಿದ ಕಾಡಿಗೆ ನಮ್ಮಂಥವರು ಬಂದೆವು. ಒಂದೇ ಅಣೆಕಟ್ಟೆಯಿಂದ ಜಾಗ ಕಳೆದುಕೊಂಡ ಎರಡು ಸಂಸಾರಗಳು ಒಂದೇ ಜೋಳದ ಹೊಲದಲ್ಲಿ ಎದುರಾಗಿವೆ ಎಂದು ನಾನೊಮ್ಮೆ ಅಜ್ಜಿಗೆ ಹೇಳಿದೆ. ಅವರು ಒಲೆ ಊದುತ್ತಾ, "ಸಂಸಾರವೇನೋ ಸರಿ ಮಗ. ಅದು ತಿಂದು ಹೋಯ್ತದೆ, ನಾನು ಸೊಸೈಟಿ ಸಾಲ ಕಟ್ಟಬೇಕಲ್ಲ" ಎಂದರು.

ಹಾಸನ ಜಿಲ್ಲೆಯ ಆನೆಗಳ ವಿಷಯ ಹೈಕೋರ್ಟಿಗೆ ಹೋಗಿ, ಕೋರ್ಟು ಪ್ರೊಫೆಸರ್ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಆನೆ ಕಾರ್ಯಪಡೆಯನ್ನು ನೇಮಿಸಿತು. 2012ರ ಅವರ ವರದಿ ರಾಜ್ಯದ ಆನೆ ನೆಲೆಯನ್ನು ಮೂರು ವಲಯಗಳಾಗಿ ನೋಡಬೇಕೆಂದಿತು. ಆನೆಯನ್ನು ಸಂರಕ್ಷಿಸುವ ವಲಯ ಒಂದು. ಆನೆ ಮತ್ತು ಮನುಷ್ಯ ಹೊಂದಿಕೊಂಡು ಇರಬೇಕಾದ ವಲಯ ಇನ್ನೊಂದು. ಮೂರನೆಯದು ಆನೆಯನ್ನು ತೆಗೆಯಬೇಕಾದ ವಲಯ. ಆಲೂರು ಭಾಗ ಮೂರನೆಯದಕ್ಕೆ ಬಂತು. ಅದರ ಮೇಲೆ ಆಲೂರು, ಸಕಲೇಶಪುರ ಕಡೆಯಿಂದ 22 ಆನೆಗಳನ್ನು ಹಿಡಿದರು. ವರದಿಯನ್ನು ಓದಿದರೆ ಬರೆದವರು ಸುಲಭವಾಗಿ ಈ ತೀರ್ಮಾನಕ್ಕೆ ಬಂದಿಲ್ಲ ಎಂದು ತಿಳಿಯುತ್ತದೆ. ಆನೆಯನ್ನು ಬದುಕಿಡೀ ಓದಿದವರೇ ಈ ಆನೆಗಳು ಇಲ್ಲಿ ಇರಲಾರವು ಎಂದು ಬರೆಯಬೇಕಾಯಿತು. ಕಾಯುವವನ ಕೆಲಸದಲ್ಲಿ ಯಾರನ್ನು ಕಾಯುವುದಿಲ್ಲ ಎಂದು ಹೇಳುವುದೂ ಸೇರಿದೆ. ಈ ಮಾತು ನಮಗೆ ಹಿಡಿಸುವುದಿಲ್ಲ, ಆದರೆ ಅದನ್ನು ಆಡದೆ ಗೆರೆ ಎಳೆಯಲಾಗುವುದಿಲ್ಲ.

ಆನೆಗಳು ಆಮೇಲೂ ಬಂದವು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋದ ಅರ್ಜುನ ಒಂಟಿ ಸಲಗದೊಂದಿಗೆ ಕಾದಾಡಿ ಸತ್ತ. ಎಂಟು ವರ್ಷ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಆನೆ. ನಾಡೇ ಅತ್ತಿತು, ನಾನೂ ಅತ್ತೆ. ಅರ್ಜುನನನ್ನು 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಹಿಡಿದದ್ದು ಎಂಬುದು ಆ ದಿನಗಳ ಪತ್ರಿಕೆಗಳಲ್ಲೇ ಇತ್ತು. ಕಾಡಿನಿಂದ ಹಿಡಿದು ತಂದ ಆನೆಯನ್ನು ಕಾಡಾನೆ ಹಿಡಿಯಲು ಕಳಿಸಿದ್ದೆವು. ಅರ್ಜುನನಿಗೆ ನಾವು ಅತ್ತದ್ದು ಅವನಿಗೊಂದು ಹೆಸರಿತ್ತು, ಅವನು ಗೆರೆಯ ಈಚೆ ಬಂದಿದ್ದ ಎಂಬ ಕಾರಣಕ್ಕೆ. ಆ ಸಲಗ ಬಂಡೆಯ ಆಚೆಯ ಮೀನು.

ಪಶ್ಚಿಮದ ಪರಿಸರ ಚಿಂತಕರು ಇದಕ್ಕೆ ಉತ್ತರ ಹುಡುಕಿದ್ದಾರೆ. ಅಮೆರಿಕದಲ್ಲಿ ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿದ್ದ ಆಲ್ಡೊ ಲಿಯೊಪೋಲ್ಡ್, ಮನುಷ್ಯ ನೆಲದ ಯಜಮಾನನಲ್ಲ, ಆ ಸಮುದಾಯದ ಒಬ್ಬ ಸದಸ್ಯ ಎಂದ. 1949ರಲ್ಲಿ ಅವನ ಪುಸ್ತಕ ಬಂದಾಗಿನಿಂದ ಕಾಡು ನೋಡಿಕೊಳ್ಳುವವರಿಗೆ ಅದು ದಾರಿ ತೋರಿದೆ. ಓದಿದಾಗ ಮನಸ್ಸಿಗೆ ಹಿತವೆನಿಸುತ್ತದೆ. ಆದರೆ ಸದಸ್ಯರೆಲ್ಲರ ನಷ್ಟ ಒಂದೇ ಅಲ್ಲ. 1989ರಲ್ಲಿ ರಾಮಚಂದ್ರ ಗುಹಾ ಬರೆದ ಒಂದು ಲೇಖನ ಈ ನೋವನ್ನು ಮುಟ್ಟಿತು. ಮನುಷ್ಯರಿಲ್ಲದ ಕಾಡನ್ನು ಆದರ್ಶ ಮಾಡಿಕೊಂಡು ಅದನ್ನು ಭಾರತದಂಥ ದೇಶಕ್ಕೆ ತಂದರೆ ಅದರ ಬೆಲೆ ಕೊಡುವವರು ಬಡವರು, ಲಾಭ ಪಡೆಯುವವರು ಬೇರೆಯವರು ಎಂಬುದು ಅವರ ವಾದದ ಸಾರ. ನಮ್ಮಜ್ಜಿ ಒಲೆಯ ಮುಂದೆ ಹೇಳಿದ್ದೂ ಅದೇ.

ಹಾಗೆಂದು ಊರಿನವರ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಕಾವಲುಗಳಿಗೆ ಏನಾಯಿತು ನೋಡಿ. ಲಕ್ಷಗಟ್ಟಲೆ ಎಕರೆ ಇದ್ದದ್ದು ಈಗ ಅದರ ಒಂದು ಪಾಲು ಉಳಿದಿದೆ. ಹೆಚ್ಚು ಆಹಾರ ಬೆಳೆಯಿರಿ ಎಂಬ ಕಾಲದಲ್ಲಿ ಕೆಲವು ಹೋಯಿತು. ಒತ್ತುವರಿಯಲ್ಲಿ ಕೆಲವು ಹೋಯಿತು. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿ, ಕುರಿ ಮೇಯಿಸುವವರು ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಇದರಲ್ಲಿ ಭೂಮಿಯೇ ಇಲ್ಲದವರಿಗೆ ಸಿಕ್ಕ ಎರಡೆರಡು ಎಕರೆಯೂ ಇದೆ. ಅದು ಅನ್ಯಾಯ ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಆದರೆ ಹುಲ್ಲಿನ ಲೆಕ್ಕದಲ್ಲಿ ಅದೂ ನಷ್ಟವೇ. ಎಲ್ಲರೂ ಒಪ್ಪುವವರೆಗೆ ಕಾಯುತ್ತೇನೆ ಎನ್ನುವ ಕಾವಲುಗಾರನಿಗೆ ಕೊನೆಗೆ ಕಾಯಲು ಏನೂ ಉಳಿದಿರುವುದಿಲ್ಲ.

ಹಾಗಾಗಿ ಗೆರೆ ಬೇಕು, ಅದನ್ನು ಎಳೆಯುವವರೂ ಬೇಕು. ನನ್ನ ಪ್ರಶ್ನೆ ಗೆರೆ ಎಳೆದ ಮೇಲಿನದು. ಅದರ ಆಚೆಗೆ ಏನಾಯಿತೋ ಅದು ನನಗೆ ಸಂಬಂಧಿಸಿದ್ದಲ್ಲ ಎಂದು ಎಳೆದವನು ಹೇಳಬಹುದೇ? ಕಾನೂನು ಹೇಳಬಹುದು ಎನ್ನುತ್ತದೆ. ವಲಯದ ನಕ್ಷೆ ಇದೆ, ಕೆಲಸದ ಪಟ್ಟಿ ಇದೆ. ನನಗೆ ಅನ್ನಿಸುವುದು ಬೇರೆ. ಗೆರೆಯೊಳಗೆ ಏನನ್ನಾದರೂ ಉಳಿಸಿದಾಗ ಅದರ ಖರ್ಚಿನ ಒಂದು ಭಾಗವನ್ನು ನಾವು ಗೆರೆಯ ಹೊರಗೆ ಯಾರದೋ ಹೆಸರಿಗೆ ಬರೆದಿರುತ್ತೇವೆ. ಯಾರ ಹೆಸರಿಗೆ ಬರೆದೆವು ಎಂದು ತಿಳಿದುಕೊಳ್ಳುವುದು, ಅವರ ಮುಖ ನೋಡುವುದು, ಅವರು ಕೇಳಿದಾಗ ಉತ್ತರ ಕೊಡುವುದು ಕಾಯುವವನ ಮೊದಲ ಹೊಣೆ. ಪ್ರೀತಿ, ಜ್ಞಾನ ಎರಡೂ ಇದರ ನಂತರ. ಮರಿ ಬಿಟ್ಟವರಲ್ಲಿ ಆ ಎರಡೂ ಇದ್ದವು. ಬಿಟ್ಟ ಮೇಲೆ ಕೆಳಗಡೆ ಏನಾಗುತ್ತಿದೆ ಎಂದು ಕಾದು ನೋಡುವ ಏರ್ಪಾಡು ಮಾತ್ರ ಇರಲಿಲ್ಲ.

ಇದು ಆಗದ ಮಾತೇನಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತವೆ. ಹಕ್ಕಿ ಕೂತ ಮರದ ಹುಣಸೆಹಣ್ಣು ಕೈಗೆ ಬರುವುದಿಲ್ಲ. ಅದಕ್ಕೆ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ಅಲ್ಲೂ ಹಣ ತಡವಾಗುವುದಿದೆ, ಗೊಣಗಾಟ ಇದೆ. ಆದರೆ ಹಕ್ಕಿಯ ಖರ್ಚು ಯಾರ ಮರದ ಮೇಲೆ ಬಿತ್ತು ಎಂಬುದು ಲೆಕ್ಕಕ್ಕೆ ಬಂದಿದೆ. ಮೀನು, ಹಕ್ಕಿಗೆ ಸಾಧ್ಯವಾದದ್ದು ಆನೆಗೆ ಇಷ್ಟು ಸುಲಭವಲ್ಲ ಎಂದು ಗೊತ್ತು. ಹುಣಸೆಹಣ್ಣಿಗೆ ಬೆಲೆ ಕಟ್ಟಬಹುದು, ರಾತ್ರಿಯಿಡೀ ಎದ್ದು ಕೂತದ್ದಕ್ಕೆ ಹೇಗೆ ಕಟ್ಟುತ್ತೀರಿ? ಆನೆ ತುಳಿದು ಸತ್ತವರಿಗೆ?

ನಮ್ಮಜ್ಜಿಯ ಊರಿನ ಕಡೆ ಆನೆ ಓಡಿಸುವ ಕೆಲಸ ಮಾಡುವ ಒಬ್ಬರನ್ನು ಓದಿನ ಸಲುವಾಗಿ ಮಾತಾಡಿಸುತ್ತಿರುತ್ತೇನೆ. ಐವತ್ತು ದಾಟಿದೆ. ಕಾಯಂ ನೌಕರಿಯಲ್ಲ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುವುದು, ಶಾಲೆ ಬಿಡುವ ಹೊತ್ತಿಗೆ ದಾರಿಯಲ್ಲಿ ನಿಲ್ಲುವುದು, ರಾತ್ರಿ ಪಟಾಕಿ ಟಾರ್ಚು ಹಿಡಿದು ತಿರುಗುವುದು ಇವೆಲ್ಲ ಅವರ ಕೆಲಸ. ಇಷ್ಟು ಕಷ್ಟ ಕೊಡುವ ಆನೆಯನ್ನು ಕಾಯುವುದು ಸರಿ ಅನ್ನಿಸುತ್ತದಾ ಎಂದು ಕೇಳಿದೆ. ಅವರು ಬೀಡಿ ಆರಿಸಿ ಹೇಳಿದರು: "ನಾನು ಆನೆಯಿಂದ ಜನ ಕಾಯ್ತೀನಾ, ಜನದಿಂದ ಆನೆ ಕಾಯ್ತೀನಾ ಅಂತ ನಂಗೂ ಗೊತ್ತಾಗಕಿಲ್ಲ ಕಣವ್ವ. ಮೊನ್ನೆ ಬ್ಯಾರೆಯೋರ್ ಹೊಲದಿಂದ ಓಡಿಸ್ದೆ, ನಮ್ ಹೊಲಕ್ಕೇ ಬಂದು ನಿಂತ್ಕಂತು." ನಕ್ಕರು. ನಾನು ಬರೆದುಕೊಂಡೆ. ಬರೆದುಕೊಳ್ಳುವಾಗ ನಾಚಿಕೆಯಾಯಿತು. ಅವರ ಜೋಳ ಹೋದದ್ದು ನನ್ನ ಪ್ರಬಂಧಕ್ಕೆ ಒಳ್ಳೆಯ ಉದಾಹರಣೆ ಆಗಿತ್ತು.

ಹೋದ ವರ್ಷ ನಮ್ಮಜ್ಜಿಯ ಜೋಳವೂ ಹೋಯಿತು. ಪರಿಹಾರಕ್ಕೆ ಅರ್ಜಿ ಹಾಕಲು ಪಹಣಿ ಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಅಜ್ಜ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಪೌತಿ ಖಾತೆ ಆಗಿರಲಿಲ್ಲ. ಕಚೇರಿಯಲ್ಲಿ ನಿಯಮದ ಪ್ರಕಾರ ಆಗುವುದಿಲ್ಲ ಎಂದರು. ಅವರ ಮಾತು ಸುಳ್ಳಲ್ಲ. ಅಜ್ಜಿ ಗೆರೆಯ ಆಚೆಗಿದ್ದರು, ಅಷ್ಟೆ. ಪ್ರಬಂಧ ಬರೆಯುವ ಮೊಮ್ಮಗಳಿಗೆ ಆ ಖಾತೆಯ ವಿಷಯ ಅದುವರೆಗೆ ಗೊತ್ತೇ ಇರಲಿಲ್ಲ.

ಖಾತೆ ಮಾಡಿಸಿಕೊಟ್ಟದ್ದು ಆ ಆನೆ ಓಡಿಸುವವರು. ತುಳಿದ ಹೊಲದ ಫೋಟೋ ತೆಗೆದು, ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಮೂರು ಸಲ ಅರಕಲಗೂಡಿಗೆ ಹೋಗಿ ಬಂದರು. ಅದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಯಾಕೆ ಮಾಡಿದಿರಿ ಎಂದು ಫೋನಿನಲ್ಲಿ ಕೇಳಿದೆ. "ಆ ಆನೆ ನಾವೇ ಆ ಕಡೀಕ್ ಓಡಿಸಿದ್ದು ಕಣವ್ವ" ಎಂದರು.

ಹಣ ಇನ್ನೂ ಬಂದಿಲ್ಲ. ಆದರೆ ಆ ಹುಡುಗನ ಪ್ರಶ್ನೆಗೆ ನನಗೆ ಇದುವರೆಗೆ ಸಿಕ್ಕಿರುವ ಉತ್ತರ ಇದೊಂದೇ. ಬಂಡೆ ದಾಟಿದ ಮೇಲೂ ಅದು ನಾವು ಆ ಕಡೆಗೆ ಓಡಿಸಿದ ಮೀನೇ.